ಲೇಸರ್ ಪ್ರಿಂಟರ್ ಒಳಗೇ ಲೋಗೋ, ಸಹಿ ಇಡುವುದು: ಯಾವ ದಾರಿ ಯಾರಿಗೆ?

ಬಿಲ್ಲಿಂಗ್ ಪ್ರೋಗ್ರಾಂ ಹಳೇದು. ಫಾಕ್ಸ್‌ಪ್ರೋದಲ್ಲೋ ಕ್ಲಿಪ್ಪರ್‌ನಲ್ಲೋ ಯಾರೋ ಬರೆದುಕೊಟ್ಟದ್ದು. ಲೆಕ್ಕ ತಪ್ಪುವುದಿಲ್ಲ, ಹುಡುಗರ ಕೈ ಪಳಗಿದೆ, ಹಾಗಾಗಿ ಬಿಡುವ ಮನಸ್ಸಿಲ್ಲ. ಡಾಟ್ ಮ್ಯಾಟ್ರಿಕ್ಸ್ ಕಿರುಚಾಟ ಸಾಕಾಗಿ ಲೇಸರ್ ಪ್ರಿಂಟರ್ ತಂದಾಗಿದೆ. ಈಗ ಬಿಲ್ಲಿನ ಮೇಲ್ಗಡೆ ಲೋಗೋ ಬೇಕು, ಕೆಳಗೆ ಸಹಿ ಬೇಕು, ಮೂಲೆಯಲ್ಲಿ ಯುಪಿಐ ಕ್ಯೂಆರ್ ಬೇಕು. ಆದರೆ ಪ್ರೋಗ್ರಾಂಗೆ ಅಕ್ಷರ ಬಿಟ್ಟು ಬೇರೇನೂ ಗೊತ್ತಿಲ್ಲ.

ಅಡಿಕೆ ಮಂಡಿ, ಸಹಕಾರ ಸಂಘ, ರೈಸ್ ಮಿಲ್, ಸಣ್ಣ ಲ್ಯಾಬ್. ಇಂಥ ಕಡೆಗಳಿಂದ ಈ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ. ಚಿತ್ರವನ್ನು ಪ್ರಿಂಟರ್ ಒಳಗೇ ಇಟ್ಟು, ಬೇಕಾದಾಗ ಒಂದು ಕಮಾಂಡ್ ಕೊಟ್ಟು ಕರೆಸಿಕೊಳ್ಳಬಹುದು ಅಂತ ಯಾರೋ ಹೇಳಿರುತ್ತಾರೆ. ಹೇಳಿದವರು ಸುಳ್ಳು ಹೇಳಿಲ್ಲ. ಆದರೆ ಅದಕ್ಕೆ ದಾರಿಗಳು ಹಲವು. ಒಬ್ಬರಿಗೆ ಹೊಂದುವುದು ಇನ್ನೊಬ್ಬರಿಗೆ ಹೊಂದುವುದಿಲ್ಲ.

ಕನ್ನಡದವರಿಗೆ ಇದರಲ್ಲಿ ಇನ್ನೂ ಒಂದು ಗಂಟಿದೆ. ಪಠ್ಯ ಕಳಿಸಿದರೆ ಪ್ರಿಂಟರ್ ತನ್ನಲ್ಲಿರುವ ಕೊರಿಯರ್‌ನಂಥ ಇಂಗ್ಲಿಷ್ ಫಾಂಟ್‌ಗಳಲ್ಲಿ ಹಾಕಿಕೊಡುತ್ತದೆ. ಕನ್ನಡ ಅಕ್ಷರಕ್ಕೆ ಒತ್ತು, ಗುಣಿತ ಜೋಡಿಸುವ ಬುದ್ಧಿ ಅದಕ್ಕಿಲ್ಲ. ‘ಶ್ರೀ ಮಂಜುನಾಥ ಟ್ರೇಡರ್ಸ್’ ಅಂತ ಬಿಲ್ಲಿನ ತಲೆಯ ಮೇಲೆ ಕನ್ನಡದಲ್ಲಿ ಬರಬೇಕು ಅಂದರೆ, ಹಳೇ ಪ್ರೋಗ್ರಾಂ ಇಟ್ಟುಕೊಂಡವರು ಆ ಸಾಲನ್ನೂ ಚಿತ್ರವಾಗಿಯೇ ಕಳಿಸಬೇಕು.

ಆರಿಸುವ ಮೊದಲು ನೋಡಬೇಕಾದದ್ದು

ಮೊದಲನೆಯದು, ನಿಮ್ಮ ಪ್ರಿಂಟರ್‌ಗೆ ಯಾವ ಭಾಷೆ ಬರುತ್ತದೆ. ಭಾಷೆ ಅಂದರೆ ಹಾಳೆಯ ಮೇಲೆ ಏನು, ಎಲ್ಲಿ ಬರಬೇಕು ಅಂತ ಪ್ರಿಂಟರ್‌ಗೆ ಹೇಳುವ ಕಮಾಂಡ್‌ಗಳ ಪದ್ಧತಿ. ಉಳಿದದ್ದೆಲ್ಲ ಇದರ ಮೇಲೆ ನಿಂತಿದೆ. ಎಚ್‌ಪಿ ಕಂಪನಿಯ ಪಿಸಿಎಲ್ ಅನ್ನುವ ಭಾಷೆಯ 5 ಅಥವಾ 5ಇ ಆವೃತ್ತಿ ಇದ್ದರೆ ಕೆಳಗಿನ ಹೆಚ್ಚಿನ ದಾರಿಗಳು ತೆರೆದಿರುತ್ತವೆ. ಪೋಸ್ಟ್‌ಸ್ಕ್ರಿಪ್ಟ್ ಇದ್ದರೆ ಬೇರೊಂದು ದಾರಿ. ಎರಡೂ ಇಲ್ಲದಿದ್ದರೆ ಒಳಗೆ ಏನನ್ನೂ ಇಡಲಾಗದು.

ನಮ್ಮ ಊರುಗಳಲ್ಲಿ ಎಲ್ಲೆಲ್ಲೂ ಕಾಣುವ ಕ್ಯಾನನ್ ಎಲ್‌ಬಿಪಿ 2900, ಎಚ್‌ಪಿ ಲೇಸರ್‌ಜೆಟ್ 1020 ಈ ಕೊನೆಯ ಗುಂಪಿನವು. ಇವಕ್ಕೆ ಸ್ವಂತ ಬುದ್ಧಿ ಕಡಿಮೆ. ಹಾಳೆಯ ಚಿತ್ರವನ್ನು ಕಂಪ್ಯೂಟರ್‌ನ ಡ್ರೈವರೇ ಪೂರ್ತಿ ತಯಾರಿಸಿ ಕೊಡಬೇಕು. ಮಷಿನ್ ಗಟ್ಟಿ, ಟೋನರ್ ಅಗ್ಗ, ಅದರಲ್ಲಿ ಎರಡು ಮಾತಿಲ್ಲ. ಆದರೆ ಪಿಸಿಎಲ್ ಕಮಾಂಡ್ ಕಳಿಸಿದರೆ ಸುಮ್ನೆ ಕೂತಿರುತ್ತವೆ.

ಹೊಸ ಮಾದರಿ ಕೊಳ್ಳುವವರು ಡಬ್ಬಿಯ ಮೇಲಿನ ಅಕ್ಷರಗಳನ್ನು ಸ್ವಲ್ಪ ನಿಧಾನವಾಗಿ ಓದಿ. ‘ಪಿಸಿಎಲ್ 5ಇ’ ಅಂತ ಬರೆದಿದ್ದರೆ ನಿಶ್ಚಿಂತೆ. ‘ಪಿಸಿಎಲ್ 6’ ಅಂತ ಮಾತ್ರ ಇದ್ದರೆ ವಿಚಾರಿಸಿ. ಎಚ್‌ಪಿ ಆಫೀಸ್ ಮಾದರಿಗಳಲ್ಲಿ ಸಾಮಾನ್ಯವಾಗಿ 5 ಕೂಡ ಒಳಗಿರುತ್ತದೆ, ಎಲ್ಲ ಕಂಪನಿಗಳ ಎಲ್ಲ ಮಾದರಿಗಳಲ್ಲೂ ಇರಬೇಕೆಂದಿಲ್ಲ. ‘ಪಿಸಿಎಲ್‌ಎಂ’, ‘ಯುಆರ್‌ಎಫ್’, ‘ಪಿಡಬ್ಲ್ಯುಜಿ’ ಅಂತಷ್ಟೇ ಇದ್ದರೆ ಮೋಸ ಹೋಗಬೇಡಿ. ಅವು ಮೊಬೈಲ್‌ನಿಂದ ತಯಾರಾದ ಚಿತ್ರವನ್ನು ಹೊತ್ತು ತರುವ ರೂಪಗಳು. ಹೆಸರಿನಲ್ಲಿ ಪಿಸಿಎಲ್ ಇದ್ದರೂ ಒಳಗೆ ಇಟ್ಟು ಕರೆಯುವ ಮ್ಯಾಕ್ರೋ ಗೀಕ್ರೋ ಏನೂ ಇಲ್ಲ.

ಎರಡನೆಯದು, ಕರೆಂಟ್. ಪ್ರಿಂಟರ್‌ನ ಸಾಮಾನ್ಯ ಮೆಮೊರಿಯಲ್ಲಿಟ್ಟ ಚಿತ್ರ ಸ್ವಿಚ್ ಆಫ್ ಆದ ಕ್ಷಣ ಹೋಗುತ್ತದೆ. ಯುಪಿಎಸ್ ಇದೆಯಲ್ಲ ಅನ್ನಬೇಡಿ. ಲೇಸರ್ ಪ್ರಿಂಟರ್‌ನ ಫ್ಯೂಸರ್ (ಟೋನರ್ ಪುಡಿಯನ್ನು ಬಿಸಿಯಿಂದ ಹಾಳೆಗೆ ಅಂಟಿಸುವ ಭಾಗ) ಬಿಸಿಯಾಗುವಾಗ ಒಮ್ಮೆಲೇ ಜಾಸ್ತಿ ಕರೆಂಟ್ ಎಳೆಯುತ್ತದೆ. ಕಂಪ್ಯೂಟರ್‌ಗೆ ಇಟ್ಟ ಸಣ್ಣ ಯುಪಿಎಸ್ ಅದನ್ನು ತಾಳುವುದಿಲ್ಲ. ಹಾಗಾಗಿ ದಿನಕ್ಕೆ ನಾಲ್ಕು ಸಲ ಕರೆಂಟ್ ಹೋಗುವ ಊರಿನವರಿಗೂ ಬೆಂಗಳೂರಿನ ಟೆಕ್ ಪಾರ್ಕಿನವರಿಗೂ ಒಂದೇ ಸಲಹೆ ಕೊಡಲಾಗದು.

ಮೂರನೆಯದು, ಪ್ರೋಗ್ರಾಂನ ಕೋಡ್ ನಿಮ್ಮ ಕೈಯಲ್ಲಿದೆಯೋ, ಇಲ್ಲ ಸೆಟಪ್ ಪರದೆಯಲ್ಲಿ ನಾಲ್ಕು ಅಕ್ಷರ ತುಂಬುವಷ್ಟೇ ಅವಕಾಶವೋ. ನಾಲ್ಕನೆಯದು, ಚಿತ್ರ ಎಷ್ಟು ದಿನಕ್ಕೊಮ್ಮೆ ಬದಲಾಗುತ್ತದೆ. ಐದನೆಯದನ್ನು ಯಾರೂ ಕೇಳುವುದಿಲ್ಲ: ಆ ಚಿತ್ರ ಕದ್ದರೆ ಏನಾಗುತ್ತದೆ? ಲೋಗೋ ಕದ್ದರೆ ಏನೂ ಇಲ್ಲ. ಸಹಿ ಕದ್ದರೆ ಇದೆ.

ವೇಗವನ್ನು ಈ ಪಟ್ಟಿಯಲ್ಲಿ ಬೇಕೆಂದೇ ಬಿಟ್ಟಿದ್ದೇನೆ. ಚಿತ್ರವನ್ನು ಒಳಗೆ ಇಡುವ ಪದ್ಧತಿ ಹುಟ್ಟಿದ್ದು ವೇಗಕ್ಕಾಗಿಯೇ, ನಿಜ. 1984ರ ಮೊದಲ ಲೇಸರ್‌ಜೆಟ್‌ನಲ್ಲಿ ಇದ್ದದ್ದು 128 ಕೆಬಿ ಮೆಮೊರಿ. ಮ್ಯಾಕ್ರೋ, ಡೌನ್‌ಲೋಡ್ ಫಾಂಟ್ ಎರಡೂ ಬಂದದ್ದು ಮರುವರ್ಷ, 512 ಕೆಬಿಯ ಲೇಸರ್‌ಜೆಟ್ ಪ್ಲಸ್ ಜೊತೆಗೆ. ಆಗಿನ ಲೆಕ್ಕ ಹೀಗಿತ್ತು. 2 ಇಂಚು ಅಗಲ, 1 ಇಂಚು ಎತ್ತರದ ಲೋಗೋ, ಇಂಚಿಗೆ 300 ಚುಕ್ಕೆ. ಅಂದರೆ 600 ಚುಕ್ಕೆಗಳ 300 ಸಾಲು. ಒಂದು ಬೈಟ್‌ಗೆ 8 ಚುಕ್ಕೆ ಹಿಡಿದರೆ 22,500 ಬೈಟ್. 9600 ವೇಗದ ಸೀರಿಯಲ್ ಕೇಬಲ್ ಸೆಕೆಂಡಿಗೆ 960 ಬೈಟ್ ಸಾಗಿಸುತ್ತದೆ. ಒಂದು ಲೋಗೋಗೆ 23 ಸೆಕೆಂಡ್! ಇವತ್ತಿನ ಯುಎಸ್‌ಬಿಗೆ 22 ಕೆಬಿ ಲೆಕ್ಕಕ್ಕೇ ಇಲ್ಲ. ‘ಒಳಗೆ ಇಟ್ಟರೆ ಫಾಸ್ಟ್ ಆಗುತ್ತೆ’ ಅಂತ ಯಾರಾದರೂ ದುಡ್ಡು ಕೇಳಿದರೆ ಕೊಡಬೇಡಿ. ಇವತ್ತು ಒಳಗೆ ಇಡಲು ಇರುವ ಒಳ್ಳೆಯ ಕಾರಣ ಒಂದೇ. ನಿಮ್ಮ ಪ್ರೋಗ್ರಾಂಗೆ ಚಿತ್ರ ಕಳಿಸಲು ಬರುವುದಿಲ್ಲ, ಆದರೆ ನಾಲ್ಕು ಅಕ್ಷರದ ಕಮಾಂಡ್ ಕಳಿಸಲು ಬರುತ್ತದೆ.

ಪ್ರತಿ ಹಾಳೆಗೂ ಚಿತ್ರವನ್ನೇ ಕಳಿಸುವುದು

ಕೋಡ್ ನಿಮ್ಮ ಕೈಯಲ್ಲಿದ್ದರೆ ಮೊದಲು ಇದನ್ನು ಯೋಚಿಸಿ. ಒಳಗೆ ಏನೂ ಇಡಬೇಕಾಗಿಲ್ಲ. ಕರೆಂಟ್ ಹೋದರೂ ಬಂದರೂ ಒಂದೇ. ಪ್ರಿಂಟರ್ ಬದಲಾದರೂ ಅದೇ ಫೈಲ್ ನಡೆಯುತ್ತದೆ. ಲೋಗೋವನ್ನು ಮೊದಲೇ ಪಿಸಿಎಲ್ ರೂಪಕ್ಕೆ ತಂದು ಡಿಸ್ಕಿನಲ್ಲಿ ಇಟ್ಟುಕೊಂಡು, ಬಿಲ್ಲಿನ ಪಠ್ಯದ ಮುಂದೆ ಸೇರಿಸಿ ಕಳಿಸಿದರೆ ಆಯಿತು.

ದಿನವೂ ಬದಲಾಗುವ ಚಿತ್ರಕ್ಕೆ ಇದೊಂದೇ ದಾರಿ. ಜಿಎಸ್‌ಟಿ ಇ-ಇನ್‌ವಾಯ್ಸ್ ನೋಡಿ. ವ್ಯಾಪಾರಿ ವ್ಯಾಪಾರಿಯ ನಡುವಿನ ಬಿಲ್ಲಿಗೆ, ವಹಿವಾಟು 5 ಕೋಟಿ ದಾಟಿದವರಿಗೂ 2023ರ ಆಗಸ್ಟ್‌ನಿಂದ ಅದು ಕಡ್ಡಾಯವಾಗಿದೆ. ಅದರ ಕ್ಯೂಆರ್ ಬಿಲ್ಲಿಗೊಂದು. ಒಳಗೆ ಇಡುವ ಮಾತೇ ಇಲ್ಲ. 1 ಇಂಚಿನ ಕ್ಯೂಆರ್ ಆದರೆ 300 ಸಾಲು, ಸಾಲಿಗೆ 38 ಬೈಟ್, ಒಟ್ಟು 11,400 ಬೈಟ್. ಅಷ್ಟೇ.

ಕಷ್ಟ ಇರುವುದು ಬೈಟ್ ಎಣಿಕೆಯಲ್ಲಿ. ಪಿಸಿಎಲ್‌ನಲ್ಲಿ ಪ್ರತಿ ಸಾಲಿಗೂ ‘ಇನ್ನು 75 ಬೈಟ್ ಬರುತ್ತದೆ’ ಅಂತ ಮೊದಲೇ ಹೇಳಬೇಕು. ಹೇಳಿದ್ದು 75, ಬಂದದ್ದು 74 ಆದರೆ ಪ್ರಿಂಟರ್ ಮುಂದಿನ ಅಕ್ಷರವನ್ನು ಕಬಳಿಸಿ ಚುಕ್ಕೆಯಾಗಿ ಹಾಕುತ್ತದೆ. ಅಲ್ಲಿಂದ ಎಲ್ಲ ಕಮಾಂಡೂ ಕಲಸಿಹೋಗಿ, ಬಿಲ್ಲಿನ ಜಾಗದಲ್ಲಿ ಅರ್ಥವಿಲ್ಲದ ಅಕ್ಷರಗಳ ಹಾಳೆ ಹಾಳೆಗಳು ಹೊರಬರುತ್ತವೆ. ವಿಂಡೋಸ್‌ನಲ್ಲಿ ಕಾಪಿ ಕಮಾಂಡ್‌ನಿಂದ ಕಳಿಸುವಾಗ ‘/ಬಿ’ ಸೇರಿಸಲೇಬೇಕು. ಇಲ್ಲದಿದ್ದರೆ ಚಿತ್ರದೊಳಗೆ 26 ಅನ್ನುವ ಬೈಟ್ ಸಿಕ್ಕ ಕಡೆ ಫೈಲ್ ಮುಗಿಯಿತು ಅಂದುಕೊಂಡು ಅರ್ಧಕ್ಕೇ ನಿಂತುಬಿಡಬಹುದು. ಲಿನಕ್ಸ್‌ನವರು ‘ರಾ’ ಆಯ್ಕೆ (ಫೈಲನ್ನು ಬದಲಿಸದೆ ಇದ್ದಂತೆಯೇ ಸಾಗಿಸುವುದು) ಕೊಟ್ಟು ಕಳಿಸಬೇಕು.

ಮ್ಯಾಕ್ರೋ: ಹೆಚ್ಚಿನವರಿಗೆ ಇದೇ

ಮ್ಯಾಕ್ರೋ ಅಂದರೆ ಕಮಾಂಡ್‌ಗಳ ಒಂದು ಕಟ್ಟು. ಅದಕ್ಕೊಂದು ನಂಬರ್ ಕೊಟ್ಟು ಪ್ರಿಂಟರ್ ಮೆಮೊರಿಯಲ್ಲಿ ಇಡುತ್ತೀರಿ. ಆಮೇಲೆ ನಂಬರ್ ಹೇಳಿದರೆ ಪೂರ್ತಿ ಕಟ್ಟು ನಡೆಯುತ್ತದೆ.

ಕಮಾಂಡ್‌ಗಳನ್ನು ಇಲ್ಲಿ ಫೋನಿನಲ್ಲಿ ಹೇಳಿ ಬರೆಸುವ ಹಾಗೆ ಬರೆದಿದ್ದೇನೆ. ‘ಎಸ್ಕೇಪ್’ ಅಂದರೆ 27ನೇ ಅಕ್ಷರ, ಫಾಕ್ಸ್‌ಪ್ರೋದಲ್ಲಿ ಸಿಎಚ್‌ಆರ್(27). ಅಕ್ಷರಗಳೆಲ್ಲ ಇಂಗ್ಲಿಷಿನವು. ಕೊನೆಯ ಅಕ್ಷರ ಕ್ಯಾಪಿಟಲ್, ಅದಕ್ಕಿಂತ ಮೊದಲಿನವು ಸಣ್ಣವು. ಕೊನೆಯದನ್ನೂ ಸಣ್ಣದಾಗಿ ಬರೆದರೆ ಕಮಾಂಡ್ ಇನ್ನೂ ಮುಗಿದಿಲ್ಲ ಅಂತ ಪ್ರಿಂಟರ್ ಕಾಯುತ್ತದೆ. ಬರುವ ಸೊನ್ನೆಗಳೆಲ್ಲ ಸೊನ್ನೆಯೇ, ಇಂಗ್ಲಿಷಿನ ಓ ಅಲ್ಲ.

ಕ್ರಮ ಹೀಗೆ. ‘ಎಸ್ಕೇಪ್ & ಎಫ್ 101 ವೈ’: ಮ್ಯಾಕ್ರೋ ನಂಬರ್ 101. ‘ಎಸ್ಕೇಪ್ & ಎಫ್ 0 ಎಕ್ಸ್’: ಇಲ್ಲಿಂದ ಬರುವುದನ್ನು ಪ್ರಿಂಟ್ ಮಾಡದೆ ಒಳಗೆ ಇಟ್ಟುಕೋ. ಆಮೇಲೆ ಜಾಗ ಹೇಳುವ ಕಮಾಂಡ್, ಲೋಗೋದ ಬೈಟ್‌ಗಳು. ‘ಎಸ್ಕೇಪ್ & ಎಫ್ 1 ಎಕ್ಸ್’: ಮುಗಿಯಿತು. ‘ಎಸ್ಕೇಪ್ & ಎಫ್ 10 ಎಕ್ಸ್’: ಇದನ್ನು ಕಾಯಂ ಮಾಡು. ಇಲ್ಲಿ ಕಾಯಂ ಅಂದರೆ ಪ್ರಿಂಟರ್ ಅನ್ನು ಮೊದಲಿನ ಸ್ಥಿತಿಗೆ ತರುವ ರೀಸೆಟ್ ಕಮಾಂಡ್‌ಗೆ ಅಳಿಯುವುದಿಲ್ಲ ಅಂತ ಮಾತ್ರ. ಸ್ವಿಚ್ ಆಫ್ ಮಾಡಿದರೆ ಅದೂ ಹೋಗುತ್ತದೆ.

ಕರೆಯುವುದರಲ್ಲೂ ಮೂರು ಬಗೆ. 2 ಎಕ್ಸ್ ಅಂದರೆ ನಡೆಸು. ಮ್ಯಾಕ್ರೋ ಒಳಗೆ ಫಾಂಟ್, ಮಾರ್ಜಿನ್ ಏನಾದರೂ ಬದಲಾಗಿದ್ದರೆ ಆಮೇಲೂ ಹಾಗೇ ಉಳಿಯುತ್ತದೆ. 3 ಎಕ್ಸ್ ಅಂದರೆ ಕರೆ. ಮುಗಿದ ಮೇಲೆ ಹಳೆಯ ಫಾಂಟ್, ಹಳೆಯ ಮಾರ್ಜಿನ್ ವಾಪಸ್. ಲೋಗೋಗೆ 3 ಒಳ್ಳೆಯದು. ಆದರೆ 3 ಕೂಡ ಒಂದನ್ನು ವಾಪಸ್ ಕೊಡುವುದಿಲ್ಲ. ಅದೇ ಕರ್ಸರ್ ನಿಂತಿದ್ದ ಜಾಗ. ಲೋಗೋ ಬಂದಮೇಲೆ ಬಿಲ್ಲಿನ ಮೊದಲ ಸಾಲು ಎಲ್ಲೋ ಹಾಳೆಯ ನಡುವೆ ಶುರುವಾದರೆ ಕಾರಣ ಇದೇ. ಮ್ಯಾಕ್ರೋದ ಮೊದಲಿಗೆ ‘ಎಸ್ಕೇಪ್ & ಎಫ್ 0 ಎಸ್’, ಕೊನೆಗೆ ‘ಎಸ್ಕೇಪ್ & ಎಫ್ 1 ಎಸ್’ ಹಾಕಿ. ಮೊದಲನೆಯದು ಜಾಗವನ್ನು ನೆನಪಿಟ್ಟುಕೊಳ್ಳುತ್ತದೆ, ಎರಡನೆಯದು ಅಲ್ಲಿಗೇ ತಂದು ನಿಲ್ಲಿಸುತ್ತದೆ.

ಮೂರನೆಯದು 4 ಎಕ್ಸ್, ಓವರ್‌ಲೇ. ಕೋಡ್ ಕೈಯಲ್ಲಿಲ್ಲದವರಿಗೆ ಇದು ವರ. ಒಮ್ಮೆ ಚಾಲೂ ಮಾಡಿದರೆ ಪ್ರತಿ ಹಾಳೆ ಹೊರಬರುವ ಮುಂಚೆ ಪ್ರಿಂಟರ್ ತಾನಾಗಿಯೇ ಆ ಮ್ಯಾಕ್ರೋ ಹಾಕುತ್ತದೆ. ಪ್ರೋಗ್ರಾಂಗೆ ಗೊತ್ತೇ ಇರಬೇಕಾಗಿಲ್ಲ. ಹಳೇ ಡಾಸ್ ಪ್ರೋಗ್ರಾಂಗಳಲ್ಲಿ ‘ಪ್ರಿಂಟರ್ ಸೆಟಪ್ ಕೋಡ್’ ಅಂತ ಒಂದು ಪುಟ್ಟ ಜಾಗ ಇರುತ್ತದಲ್ಲ, ಅಲ್ಲಿ ‘ಎಸ್ಕೇಪ್ & ಎಫ್ 101 ವೈ 4 ಎಕ್ಸ್’ ತುಂಬಿದರೆ ಸಾಕು. ಎರಡು ಕಮಾಂಡ್ ಸೇರಿಸಿದ್ದರಿಂದ ಇಲ್ಲಿ ವೈ ಸಣ್ಣದು, ಎಕ್ಸ್ ಮಾತ್ರ ದೊಡ್ಡದು. ಒಟ್ಟು 9 ಬೈಟ್. ಪ್ರೋಗ್ರಾಂ ಶುರುವಿನಲ್ಲಿ ರೀಸೆಟ್ ಕಳಿಸುವುದಾದರೆ ಓವರ್‌ಲೇ ಅದರ ನಂತರ ಬರಬೇಕು, ಯಾಕೆಂದರೆ ರೀಸೆಟ್ ಓವರ್‌ಲೇಯನ್ನು ನಿಲ್ಲಿಸುತ್ತದೆ.

ಮ್ಯಾಕ್ರೋದ ದೊಡ್ಡ ಕೊರತೆ ಅದರ ಮೌನ. 101 ಒಳಗೆ ಇಲ್ಲದಿದ್ದರೂ ಪ್ರಿಂಟರ್ ದೂರುವುದಿಲ್ಲ, ಕೆಂಪು ದೀಪ ಹತ್ತುವುದಿಲ್ಲ. ಲೋಗೋ ಇಲ್ಲದ ಬಿಲ್ಲು ಸಲೀಸಾಗಿ ಹೊರಬರುತ್ತದೆ. ಮಧ್ಯಾಹ್ನ ಕರೆಂಟ್ ಹೋಗಿ ಬಂದಿರುತ್ತದೆ. ಸಂಜೆ ಗಿರಾಕಿ ಬಂದು ‘ಇದರಲ್ಲಿ ಅಂಗಡಿ ಹೆಸರೇ ಇಲ್ಲ’ ಅನ್ನುವವರೆಗೆ ಯಾರಿಗೂ ಗೊತ್ತಾಗಿರುವುದಿಲ್ಲ.

ಹಂಚಿಕೊಂಡ ಪ್ರಿಂಟರ್ ಆದರೆ ಇನ್ನೂ ಎರಡು ತೊಡಕು. ಬೇರೆ ಪ್ರೋಗ್ರಾಂ ಅದೇ ನಂಬರ್ ಬಳಸಿದರೆ ನಿಮ್ಮದರ ಮೇಲೆ ಅದು ಕೂರುತ್ತದೆ. ನಂಬರ್ 0ರಿಂದ 32767ರವರೆಗೆ ಇರಬಹುದು. ಎಲ್ಲರೂ ಬಳಸುವ 1, 2 ಬಿಟ್ಟು ದೂರದ್ದೊಂದನ್ನು ಹಿಡಿಯಿರಿ. ಇನ್ನೊಂದು, ಪಕ್ಕದ ಟೇಬಲ್‌ನವರು ಪೋಸ್ಟ್‌ಸ್ಕ್ರಿಪ್ಟ್ ಡ್ರೈವರ್‌ನಿಂದ ಏನಾದರೂ ಪ್ರಿಂಟ್ ಕೊಟ್ಟರೆ ಭಾಷೆ ಬದಲಾಗುವಾಗ ನಿಮ್ಮ ಮ್ಯಾಕ್ರೋ ಅಳಿಯಬಹುದು. ಪ್ರಿಂಟರ್ ಮೆನುವಿನಲ್ಲಿ ‘ರಿಸೋರ್ಸ್ ಸೇವ್’ ಇದ್ದರೆ, ಮೆಮೊರಿಯೂ ಸಾಕಷ್ಟಿದ್ದರೆ ಅದನ್ನು ಚಾಲೂ ಮಾಡಿ.

ಇದಕ್ಕೆಲ್ಲ ನನ್ನ ಉತ್ತರ: ಕಾಯಂ ಮಾಡುವ ಗೋಜಿಗೇ ಹೋಗಬೇಡಿ. ಪ್ರತಿ ಪ್ರಿಂಟ್ ಕೆಲಸದ ಶುರುವಿನಲ್ಲಿ ಮ್ಯಾಕ್ರೋ ಒಮ್ಮೆ ಕಳಿಸಿ, ಆ ಕೆಲಸದ 5 ಹಾಳೆಗೋ 200 ಹಾಳೆಗೋ ಅದನ್ನೇ ಕರೆಯಿರಿ. ಯುಎಸ್‌ಬಿ, ನೆಟ್‌ವರ್ಕ್ ಎರಡರಲ್ಲೂ ಆ 22 ಕೆಬಿ ಯಾರಿಗೂ ಭಾರ ಅಲ್ಲ. ಕೋಡ್ ಮುಟ್ಟಲು ಆಗದವರು ಮ್ಯಾಕ್ರೋವನ್ನು ಪ್ರಿಂಟರ್‌ಗೆ ಕಳಿಸುವ ಒಂದು ಬ್ಯಾಚ್ ಫೈಲ್ ಬರೆದು ಡೆಸ್ಕ್‌ಟಾಪ್‌ನಲ್ಲಿ ಇಡಿ. ಬೆಳಿಗ್ಗೆ ಒಮ್ಮೆ, ಕರೆಂಟ್ ಹೋಗಿ ಬಂದಾಗಲೊಮ್ಮೆ ಅದನ್ನು ಒತ್ತಬೇಕು. ಇವರು ಮಾತ್ರ ಕಾಯಂ ಮಾಡಲೇಬೇಕು. ಲೋಗೋ ಜೊತೆ ‘ಲೋಡ್ ಆಯಿತು’ ಅನ್ನುವ ಒಂದು ಹಾಳೆಯೂ ಹೊರಬರುವಂತೆ ಮಾಡಿದರೆ ಕ್ಯಾಷಿಯರ್‌ಗೆ ಗ್ಯಾರಂಟಿ ಸಿಗುತ್ತದೆ.

ಬೈಟ್‌ಗಳನ್ನು ತಯಾರಿಸುವುದು ಹೇಗೆ ಅಂದಿರಾ? ಲೋಗೋವನ್ನು ಅಪ್ಪಟ ಕಪ್ಪು-ಬಿಳಿ ಮಾಡಿಕೊಳ್ಳಿ, ಬೂದು ಬಣ್ಣ ಬೇಡ. ನೆಟ್‌ಪಿಬಿಎಂ ಅನ್ನುವ ಉಚಿತ ಸಲಕರಣೆಗಳಲ್ಲಿ ‘ಪಿಬಿಎಂ-ಟು-ಎಲ್‌ಜೆ’ ಅಂತ ಒಂದಿದೆ. ಅದಕ್ಕೆ ‘ನೋರೀಸೆಟ್’, ‘ಫ್ಲೋಟ್’ ಆಯ್ಕೆ ಕೊಟ್ಟರೆ ಮ್ಯಾಕ್ರೋ ಒಳಗೆ ಇಡಬಹುದಾದ ಫೈಲ್ ಸಿಗುತ್ತದೆ. ‘ಪ್ಯಾಕ್‌ಬಿಟ್ಸ್’ ಸೇರಿಸಿದರೆ ಫೈಲ್ ಇನ್ನೂ ಸಣ್ಣದಾಗುತ್ತದೆ. ಇನ್ನೊಂದು ದಾರಿ, ವರ್ಡ್‌ನಲ್ಲಿ ಲೋಗೋವನ್ನು ಬೇಕಾದ ಜಾಗದಲ್ಲಿಟ್ಟು, ಹಳೇ ಪಿಸಿಎಲ್ 5 ಡ್ರೈವರ್ ಹಾಕಿ ‘ಪ್ರಿಂಟ್ ಟು ಫೈಲ್’ ಮಾಡುವುದು. ಹೀಗೆ ಮಾಡಿದರೆ ಫೈಲಿನ ಎರಡು ತುದಿಯ ರೀಸೆಟ್, ಮೊದಲಿಗಿರುವ ಪಿಜೆಎಲ್ ಸಾಲುಗಳು (ಪ್ರಿಂಟ್ ಕೆಲಸದ ಬಗ್ಗೆ ಪ್ರಿಂಟರ್‌ಗೆ ಕೊಡುವ ಸೂಚನೆಗಳು), ಕೊನೆಯ ಫಾರ್ಮ್ ಫೀಡ್ (ಹಾಳೆಯನ್ನು ಹೊರಗೆ ತಳ್ಳುವ ಕಮಾಂಡ್) ಇವನ್ನು ಬೈಟ್ ಬೈಟ್ ತಿದ್ದಲು ಬರುವ ಹೆಕ್ಸ್ ಎಡಿಟರ್‌ನಲ್ಲಿ ತೆಗೆಯಬೇಕು. ಮ್ಯಾಕ್ರೋ ಒಳಗೆ ರೀಸೆಟ್‌ಗೆ ಜಾಗ ಇಲ್ಲ. ಫಾರ್ಮ್ ಫೀಡ್ ಉಳಿದರೆ ಲೋಗೋ ಒಂದು ಹಾಳೆ, ಬಿಲ್ಲು ಇನ್ನೊಂದು ಹಾಳೆ!

ಗೆರೆಗಳೇ ಇರುವ ಫಾರ್ಮ್ ಆದರೆ (ಬಾಕ್ಸ್, ಕಾಲಂ, ಟೇಬಲ್) ಚುಕ್ಕೆ ಕಳಿಸಬೇಡಿ. ಪಿಸಿಎಲ್‌ನದೇ ಗೆರೆ ಎಳೆಯುವ ಕಮಾಂಡ್ ಇದೆ. 1990ರ ಲೇಸರ್‌ಜೆಟ್ 3ರಿಂದ ಗೆರೆಚಿತ್ರಕ್ಕೆಂದೇ ಇರುವ ಎಚ್‌ಪಿ-ಜಿಎಲ್/2 ಭಾಷೆ ಕೂಡ ಇದೆ. ಪೂರ್ತಿ ಎ4 ಹಾಳೆಯನ್ನು 300 ಚುಕ್ಕೆಯಲ್ಲಿ ಚಿತ್ರ ಮಾಡಿದರೆ 1 ಎಂಬಿ ದಾಟುತ್ತದೆ, 600ರಲ್ಲಿ 4 ಎಂಬಿ ದಾಟುತ್ತದೆ. ಅದೇ ಗೆರೆಗಳನ್ನು ಕಮಾಂಡ್‌ನಲ್ಲಿ ಹೇಳಿದರೆ ಒಂದೆರಡು ಕೆಬಿಯಲ್ಲಿ ಮುಗಿಯುತ್ತದೆ.

ಲೋಗೋವನ್ನು ಫಾಂಟ್ ಮಾಡುವುದು

ಇದು ಹಳಬರ ಉಪಾಯ. ಸಹಿಯನ್ನು ಚೂರು ಮಾಡಿ, ಒಂದೊಂದು ಚೂರನ್ನೂ ಒಂದೊಂದು ಅಕ್ಷರದ ಜಾಗದಲ್ಲಿ ಕೂರಿಸಿ, ಆ ಫಾಂಟನ್ನು ಪ್ರಿಂಟರ್‌ಗೆ ಇಳಿಸುವುದು. ಆಮೇಲೆ ಪ್ರೋಗ್ರಾಂ ಆ ಫಾಂಟಿಗೆ ಬದಲಾಗಿ ಇಂಗ್ಲಿಷಿನ ಎ, ಬಿ, ಸಿ ಅಂತ ಪ್ರಿಂಟ್ ಮಾಡಿದರೆ ಹಾಳೆಯ ಮೇಲೆ ಬರುವುದು ಮ್ಯಾನೇಜರ್ ಸಹಿ.

ಹೆಚ್ಚುಗಾರಿಕೆ ಏನೆಂದರೆ ಅದು ಪಠ್ಯದ ಜೊತೆಗೇ ಓಡುತ್ತದೆ. ಮೊತ್ತ ಎಲ್ಲಿ ಮುಗಿಯುತ್ತದೋ ಅದರ ಎರಡು ಸಾಲು ಕೆಳಗೆ ಸಹಿ ಬರಬೇಕು ಅಂದರೆ ಓವರ್‌ಲೇಗೆ ಅದು ಆಗದು, ಫಾಂಟಿಗೆ ಸುಲಭ. ಪದೇ ಪದೇ ಬರುವ ಕನ್ನಡದ ನಾಲ್ಕಾರು ಪದಗಳನ್ನು (ಒಟ್ಟು, ಬಾಕಿ, ಜಮಾ) ಹೀಗೆ ಒಂದೊಂದು ಅಕ್ಷರದ ಜಾಗದಲ್ಲಿ ಇಟ್ಟುಕೊಂಡರೆ ಹಳೇ ಪ್ರೋಗ್ರಾಂನಿಂದಲೂ ಕನ್ನಡ ರಸೀದಿ ಹೊರಡುತ್ತದೆ.

ಆದರೆ ತಯಾರಿಸುವುದು ತಲೆನೋವು. ಪ್ರತಿ ಅಕ್ಷರಕ್ಕೂ ಅಗಲ, ಎತ್ತರ, ಎಡ ಅಂಚು ಎಲ್ಲ ಬೈಟ್‌ನಲ್ಲಿ ಹೇಳಬೇಕು. ಸಲಕರಣೆಗಳು ಈಗ ಕಡಿಮೆ, ಮಾಡಿಕೊಡುವವರು ಇನ್ನೂ ಕಡಿಮೆ. ಸ್ವಿಚ್ ಆಫ್ ಆದರೆ ಇದೂ ಹೋಗುತ್ತದೆ. ಮ್ಯಾಕ್ರೋದ 3 ಎಕ್ಸ್‌ನಿಂದ ಕೆಲಸ ಆಗುವುದಾದರೆ ಇತ್ತ ಬರಬೇಡಿ.

ಫ್ಲ್ಯಾಶ್ ಅಥವಾ ಹಾರ್ಡ್ ಡಿಸ್ಕ್‌ನಲ್ಲಿ ಇಡುವುದು

ಆಫೀಸ್ ದರ್ಜೆಯ ದೊಡ್ಡ ಮಷಿನ್‌ಗಳಲ್ಲಿ ಫ್ಲ್ಯಾಶ್ ಮೆಮೊರಿ ಅಥವಾ ಡಿಸ್ಕ್ ಇರುತ್ತದೆ, ಇಲ್ಲವೇ ಹಾಕಿಸಬಹುದು. ಪಿಜೆಎಲ್ ಕಮಾಂಡ್‌ನಿಂದ ಫೈಲ್ ಇಳಿಸಬಹುದು. ಎಚ್‌ಪಿಯಾದರೆ ವೆಬ್ ಜೆಟ್‌ಅಡ್ಮಿನ್ ಅನ್ನುವ ಪ್ರಿಂಟರ್ ನೋಡಿಕೊಳ್ಳುವ ಸಾಫ್ಟ್‌ವೇರ್‌ನಿಂದಲೂ ಆಗುತ್ತದೆ. ಮ್ಯಾಕ್ರೋವನ್ನು ನಂಬರ್ ಬದಲು ಹೆಸರಿನಿಂದ ಕರೆಯಬಹುದು. ಕರೆಂಟ್ ಹೋದರೂ ಚಿತ್ರ ಇರುತ್ತದೆ. ಐವತ್ತು ಶಾಖೆ ಇರುವ ಬ್ಯಾಂಕಿಗೋ ವಿಮಾ ಕಚೇರಿಗೋ, ನೋಡಿಕೊಳ್ಳಲು ಐಟಿ ವಿಭಾಗ ಇರುವವರಿಗೋ ಇದು ಸರಿ.

ಒಂದೇ ಪ್ರಿಂಟರ್ ಇರುವ ಮಂಡಿಗೆ ಇದು ಅತಿಯಾಯಿತು. ದುಡ್ಡು ಜಾಸ್ತಿ. ಆ ಪ್ರಿಂಟರ್ ಕೆಟ್ಟ ದಿನ ಬದಲಿಗೆ ತಂದ ಪ್ರಿಂಟರ್‌ನಲ್ಲಿ ಏನೂ ಇರುವುದಿಲ್ಲ. ಇಳಿಸಿದವರು ಊರು ಬಿಟ್ಟಿರುತ್ತಾರೆ.

ಸಹಿಯ ವಿಷಯ ಬರುವುದು ಇಲ್ಲಿಯೇ. ನೆಟ್‌ವರ್ಕ್ ಪ್ರಿಂಟರ್‌ನ 9100 ಪೋರ್ಟ್ (ನೆಟ್‌ವರ್ಕ್‌ನಿಂದ ಪ್ರಿಂಟ್ ಕೆಲಸ ಒಳಬರುವ ಬಾಗಿಲು) ಸಾಮಾನ್ಯವಾಗಿ ತೆರೆದೇ ಇರುತ್ತದೆ, ಪಾಸ್‌ವರ್ಡ್ ಕೇಳುವುದಿಲ್ಲ. ಆಫೀಸಿನ ವೈಫೈಗೆ ಸೇರಿದ ಯಾರೇ ಆದರೂ ಮ್ಯಾಕ್ರೋ ನಂಬರ್ ಊಹಿಸಿ ಖಾಲಿ ಹಾಳೆಯ ಮೇಲೆ ನಿಮ್ಮ ಸಹಿ ತೆಗೆದುಕೊಳ್ಳಬಹುದು. ಪಿಜೆಎಲ್‌ನಲ್ಲಿ ಫೈಲ್ ಓದುವ ಕಮಾಂಡೂ ಇದೆ, ಅಳಿಸುವ ಕಮಾಂಡೂ ಇದೆ. ಯುಪಿಐ ಕ್ಯೂಆರ್ ಇಟ್ಟವರು ಇನ್ನೂ ಒಂದು ಯೋಚಿಸಬೇಕು. ಅದೇ ನಂಬರಿನಲ್ಲಿ ಬೇರೆಯವರ ಕ್ಯೂಆರ್ ಬಂದು ಕೂತರೆ ಬಿಲ್ಲು ನಿಮ್ಮದು, ದುಡ್ಡು ಅವರದು. ಕಣ್ಣಿಗೆ ಎರಡು ಕ್ಯೂಆರ್‌ಗಳ ವ್ಯತ್ಯಾಸ ಕಾಣುವುದಿಲ್ಲ, ಅಲ್ವಾ? ಆದ್ದರಿಂದ ಸಹಿ, ಕ್ಯೂಆರ್ ಎರಡನ್ನೂ ಪ್ರತಿ ಕೆಲಸದ ಜೊತೆ ಕಂಪ್ಯೂಟರ್‌ನಿಂದಲೇ ಕಳಿಸಿ. ಒಳಗೆ ಇಡಲೇಬೇಕು ಅಂದರೆ ಪಿಜೆಎಲ್ ಡಿಸ್ಕ್ ಪ್ರವೇಶಕ್ಕೆ ಬೀಗ ಹಾಕಿಸಿ, ಪ್ರಿಂಟರ್ ಅನ್ನು ಗಿರಾಕಿಗಳ ವೈಫೈನಿಂದ ಬೇರೆ ಮಾಡಿ.

ಪೋಸ್ಟ್‌ಸ್ಕ್ರಿಪ್ಟ್

ಅಡೋಬಿ ಇದನ್ನು 1984ರಲ್ಲಿ ತಂದಿತು. 1985ರ ಆ್ಯಪಲ್ ಲೇಸರ್‌ರೈಟರ್ ಒಳಗೆ ಕೂತು ಇದು ಪ್ರಸಿದ್ಧವಾಯಿತು. ಇದು ಪೂರ್ತಿ ಒಂದು ಪ್ರೋಗ್ರಾಮಿಂಗ್ ಭಾಷೆ. ಲೆವೆಲ್ 2ರಿಂದ ‘ಫಾರ್ಮ್’ ಅನ್ನುವ ಸೌಲಭ್ಯ ಇದೆ. ಒಮ್ಮೆ ವಿವರಿಸಿದರೆ ‘ಎಕ್ಸೆಕ್‌ಫಾರ್ಮ್’ ಅಂತ ಕರೆದಾಗಲೆಲ್ಲ ಬರುತ್ತದೆ. ಲೋಗೋವನ್ನು ಗೆರೆ-ಬಾಗುಗಳಾಗಿ ಬರೆದರೆ ಯಾವ ಗಾತ್ರಕ್ಕೆ ಹಿಗ್ಗಿಸಿದರೂ ಅಂಚು ಒಡೆಯುವುದಿಲ್ಲ. ಕನ್ನಡ ತಲೆಬರಹವನ್ನೂ ಇಂಕ್‌ಸ್ಕೇಪ್ ಅನ್ನುವ ಚಿತ್ರ ಬರೆಯುವ ಪ್ರೋಗ್ರಾಂನಲ್ಲಿ ಗೆರೆ ಮಾಡಿ ಇಪಿಎಸ್ (ಪೋಸ್ಟ್‌ಸ್ಕ್ರಿಪ್ಟ್ ಚಿತ್ರದ ಫೈಲ್) ಆಗಿ ಉಳಿಸಿದರೆ ಒತ್ತಕ್ಷರಗಳು ತುಂಬಾ ಚೊಕ್ಕಟವಾಗಿ ಬರುತ್ತವೆ. ಚಂದದ ವಿಷಯದಲ್ಲಿ ನನ್ನ ಮತ ಇದಕ್ಕೇ.

ಹಳೇ ಪ್ರೋಗ್ರಾಂಗೆ ಮಾತ್ರ ಇದು ಆಗಿಬರುವುದಿಲ್ಲ. ಬರೀ ಪಠ್ಯ ಕಳಿಸಿದರೆ ಪೋಸ್ಟ್‌ಸ್ಕ್ರಿಪ್ಟ್ ಅದನ್ನು ಪ್ರೋಗ್ರಾಂ ಅಂದುಕೊಂಡು ತಪ್ಪು ತೋರಿಸುತ್ತದೆ. ಬಿಲ್ಲಿನ ಪ್ರತಿ ಸಾಲನ್ನೂ ಆ ಭಾಷೆಯಲ್ಲೇ ಹೇಳಬೇಕು. ಒಂದೇ ಹಾಳೆಯಲ್ಲಿ ಲೋಗೋ ಪೋಸ್ಟ್‌ಸ್ಕ್ರಿಪ್ಟ್, ಬಿಲ್ಲು ಪಿಸಿಎಲ್ ಅಂತ ಬೆರೆಸಲು ಬರುವುದಿಲ್ಲ. ಭಾಷೆ ಬದಲಾದ ಕೂಡಲೇ ಹಾಳೆಯೂ ಹೊರಬರುತ್ತದೆ. ಹೊಸದಾಗಿ ಪೈಥಾನ್‌ನಲ್ಲೋ ಮತ್ತೊಂದರಲ್ಲೋ ಬಿಲ್ಲಿಂಗ್ ಬರೆಸುತ್ತಿರುವವರು ಯೋಚಿಸಬಹುದು, ಆದರೆ ಅವರಿಗೆ ಪಿಡಿಎಫ್ ಮಾಡಿ ಕಳಿಸುವುದು ಇನ್ನೂ ಸುಲಭ. ಬ್ರದರ್‌ನಲ್ಲಿ ಇದರ ಹೆಸರು ಬಿಆರ್-ಸ್ಕ್ರಿಪ್ಟ್, ಕ್ಯೋಸೆರಾದಲ್ಲಿ ಕೆಪಿಡಿಎಲ್. ಕ್ಯೋಸೆರಾಗೆ ಪ್ರಿಸ್ಕ್ರೈಬ್ ಅಂತ ಸ್ವಂತ ಭಾಷೆಯೂ ಇದೆ, ಅದರಲ್ಲೂ ಮ್ಯಾಕ್ರೋ ಇದೆ.

ಪ್ರಿಂಟರ್‌ಗೆ ಯಾವ ಭಾಷೆಯೂ ಬರದಿದ್ದರೆ

ಎಲ್‌ಬಿಪಿ 2900 ಇರುವವರು ಹೊಸ ಪ್ರಿಂಟರ್ ಕೊಳ್ಳುವ ಮೊದಲು ಘೋಸ್ಟ್‌ಪಿಸಿಎಲ್ ನೋಡಿ. ಎಜಿಪಿಎಲ್ ಲೈಸೆನ್ಸಿನಲ್ಲಿ ಉಚಿತವಾಗಿ ಸಿಗುತ್ತದೆ. ನಿಮ್ಮ ಪ್ರೋಗ್ರಾಂನ ಪಿಸಿಎಲ್ ಅನ್ನು ಮ್ಯಾಕ್ರೋ ಸಮೇತ ಕಂಪ್ಯೂಟರ್‌ನಲ್ಲೇ ಓದಿ ಪಿಡಿಎಫ್ ಮಾಡಿಕೊಡುತ್ತದೆ. ಅದನ್ನು ಸಾಮಾನ್ಯ ಡ್ರೈವರ್‌ನಿಂದ ಪ್ರಿಂಟ್ ಮಾಡಬಹುದು. ನಡುವೆ ಒಂದು ಸ್ಕ್ರಿಪ್ಟ್ ಬೇಕು, ಬಿಲ್ಲು ಸ್ವಲ್ಪ ತಡವಾಗಿ ಬರುತ್ತದೆ. ದಿನಕ್ಕೆ ಮೂವತ್ತು ನಲವತ್ತು ಬಿಲ್ಲಿನವರಿಗೆ ಅದು ತೊಂದರೆಯೇ ಅಲ್ಲ. ಬಿಲ್ಲಿನ ಪಿಡಿಎಫ್ ವಾಟ್ಸಾಪ್‌ಗೂ ಸಿಕ್ಕಿತು.

ಬಣ್ಣದ ಲೋಗೋ ಬೇಕೇ ಬೇಕು ಅನ್ನುವವರು ಪ್ರೆಸ್‌ನಲ್ಲಿ ಲೆಟರ್‌ಹೆಡ್ ಹಾಕಿಸಿ. ಕಪ್ಪು ಟೋನರ್‌ನ ಪ್ರಿಂಟರ್ ಯಾವ ಕಮಾಂಡ್ ಕೊಟ್ಟರೂ ಕೆಂಪು ಕೊಡುವುದಿಲ್ಲ. ಹಾಕಿಸುವಾಗ ‘ಲೇಸರ್‌ಗೆ ಹಾಕುವ ಹಾಳೆ’ ಅಂತ ಪ್ರೆಸ್‌ನವರಿಗೆ ಹೇಳಿ. ಫ್ಯೂಸರ್ ಬಿಸಿ ಸುಮಾರು 200 ಡಿಗ್ರಿ ಮುಟ್ಟುತ್ತದೆ. ಉಬ್ಬು ಶಾಯಿಯ ಲೆಟರ್‌ಹೆಡ್ ಆದರೆ ಶಾಯಿ ಕರಗಿ ರೋಲರ್‌ಗೆ ಅಂಟುತ್ತದೆ.

ಯಾರಿಗೆ ಯಾವುದು

ಒಂದೇ ಅಂಗಡಿ, ಕೋಡ್ ಕೈಯಲ್ಲಿಲ್ಲ, ಪಿಸಿಎಲ್ 5 ಪ್ರಿಂಟರ್ ಇದೆ: ಓವರ್‌ಲೇ ಮ್ಯಾಕ್ರೋ ಮತ್ತು ಬ್ಯಾಚ್ ಫೈಲ್. ಕೋಡ್ ಕೈಯಲ್ಲಿದೆ: ಪ್ರತಿ ಕೆಲಸದ ಮೊದಲಿಗೆ ಮ್ಯಾಕ್ರೋ ಕಳಿಸಿ 3 ಎಕ್ಸ್‌ನಿಂದ ಕರೆಯುವುದು. ಬಿಲ್ಲಿಗೊಂದು ಕ್ಯೂಆರ್: ಚಿತ್ರವನ್ನೇ ಕಳಿಸುವುದು. ಫ್ಲ್ಯಾಶ್ ದೊಡ್ಡ ಕಚೇರಿಗಳಿಗೆ. ಕೈಯಲ್ಲಿ ದುಡ್ಡಿಲ್ಲ, ಹಳೇ ಅಗ್ಗದ ಪ್ರಿಂಟರ್ ಇದೆ ಅಂದರೆ ಘೋಸ್ಟ್‌ಪಿಸಿಎಲ್.

ಪ್ರಿಂಟರೇ ಇಲ್ಲ, ಈಗ ಕೊಳ್ಳಬೇಕು ಅನ್ನುವವರಿಗೆ ಸೆಕೆಂಡ್ ಹ್ಯಾಂಡ್ ಆಫೀಸ್ ಮಾದರಿಯ ಲೇಸರ್‌ಜೆಟ್ ಕೆಟ್ಟ ಆಯ್ಕೆ ಏನಲ್ಲ. ಹೊಸ ಅಗ್ಗದ ಮಷಿನ್‌ಗಿಂತ ಭಾಷೆ ಚೆನ್ನಾಗಿ ಬರುತ್ತದೆ. ಅಂಗಡಿಯಲ್ಲೇ ಕಾನ್ಫಿಗರೇಶನ್ ಪೇಜ್ ತೆಗೆಸಿ, ಅದರಲ್ಲಿ ಪಿಸಿಎಲ್ ಇದೆಯಾ ನೋಡಿ. ಪೆನ್‌ಡ್ರೈವ್‌ನಲ್ಲಿ ಒಂದು ಪುಟ್ಟ ಫೈಲ್ ಒಯ್ಯಿರಿ: ಮ್ಯಾಕ್ರೋ ಇಳಿಸಿ, ಎರಡು ಹಾಳೆಯಲ್ಲಿ ಅದನ್ನು ಕರೆಯುವಂಥದ್ದು. ಅಂಗಡಿಯವರ ಕಂಪ್ಯೂಟರ್‌ನಲ್ಲಿ ಪ್ರಿಂಟರ್ ಶೇರ್ ಮಾಡಿಸಿ, ಕಾಪಿ ಕಮಾಂಡ್‌ನಲ್ಲಿ ‘/ಬಿ’ ಸೇರಿಸಿ ಕಳಿಸಿ. ಎರಡನೇ ಹಾಳೆಯ ಮೇಲೂ ಲೋಗೋ ಬಂದರೆ ಮಾತ್ರ ದುಡ್ಡು ಕೊಡಿ. ಮಷಿನ್‌ಗೆ ಡಿಸ್ಕ್ ಇದ್ದರೆ ಹಿಂದಿನವರ ಸಹಿಯೋ ಫಾರ್ಮೋ ಅದರಲ್ಲಿ ಉಳಿದಿರಬಹುದು, ಮನೆಗೆ ತಂದ ದಿನವೇ ಅಳಿಸಿಬಿಡಿ.